ಎ ಲೆವೆಲ್ ಫರ್ದರ್ ಮ್ಯಾಥ್ಸ್: ನಾನು ಓದಿದ ರೀತಿ

ಇಂಗ್ಲೆಂಡಿನಲ್ಲಿ ಜಿಸಿಎಸ್‌ಇ (ನಮ್ಮ ಎಸ್‌ಎಸ್‌ಎಲ್‌ಸಿ ಥರದ ಪರೀಕ್ಷೆ) ಮುಗಿದ ಮೇಲೆ ಅನೇಕ ಮಕ್ಕಳು ಎ ಲೆವೆಲ್ ಓದಲು ಸಿಕ್ಸ್ತ್ ಫಾರ್ಮ್ ಕಾಲೇಜಿಗೆ ಸೇರುತ್ತಾರೆ. ನಮ್ಮ ಪಿಯುಸಿ ವಯಸ್ಸು, ಅದೇ ಎರಡು ವರ್ಷ. ಆದರೆ ಕಡ್ಡಾಯ ಭಾಷೆಗಳಿಲ್ಲ, ಮೂರೋ ನಾಲ್ಕೋ ವಿಷಯ ಆರಿಸಿಕೊಂಡರೆ ಸಾಕು. ನಾನು ಮ್ಯಾಥ್ಸ್, ಫರ್ದರ್ ಮ್ಯಾಥ್ಸ್, ಫಿಸಿಕ್ಸ್ ತೆಗೆದುಕೊಂಡೆ. "ಎರಡೆರಡು ಮ್ಯಾಥ್ಸ್ ಯಾಕಮ್ಮ, ಕೆಮಿಸ್ಟ್ರಿ ಬಿಟ್ಟೇಬಿಟ್ಯಾ?" ಎಂದು ಮೈಸೂರಿನ ಚಿಕ್ಕಪ್ಪ ಫೋನಿನಲ್ಲಿ ಕೇಳಿದ್ದರು.

ಅವೆರಡೂ ಬೇರೆ ಬೇರೆ ಎ ಲೆವೆಲ್; ಫರ್ದರ್ ಅಂದರೆ ಮ್ಯಾಥ್ಸ್‌ನ ಮುಂದಿನ, ಇನ್ನೂ ಆಳದ ಭಾಗ. ನಮ್ಮ ಕಾಲೇಜಿನಲ್ಲಿ ಮೊದಲ ವರ್ಷವೇ ಮ್ಯಾಥ್ಸ್ ಪೂರ್ತಿ ಮುಗಿಸಿ, ಎರಡನೇ ವರ್ಷ ಫರ್ದರ್ ಹಿಡಿಯುತ್ತಿದ್ದರು. ಕೆಲವು ಕಡೆ ಎರಡನ್ನೂ ಜೊತೆಯಲ್ಲೇ ಮಾಡುತ್ತಾರೆ. ನಮ್ಮ ವೇಗ ಜಾಸ್ತಿ, ಆದರೆ ಕ್ಯಾಲ್ಕುಲಸ್ ಕೈಯಲ್ಲಿ ಕೂತ ಮೇಲೆ ಡಿಫರೆನ್ಶಿಯಲ್ ಈಕ್ವೇಶನ್ ಓದುವುದು ಎಷ್ಟೋ ಸಲೀಸು.

ನಮ್ಮದು ಎಡೆಕ್ಸೆಲ್ ಎಂಬ ಪರೀಕ್ಷಾ ಬೋರ್ಡ್. ಫರ್ದರ್‌ಗೆ ನಾಲ್ಕು ಪೇಪರ್, ಒಂದೊಂದೂ ಒಂದೂವರೆ ಗಂಟೆ, 75 ಅಂಕ. ಎರಡು ಕೋರ್ ಪ್ಯೂರ್ (ಎಲ್ಲರೂ ಬರೆಯಬೇಕಾದ ಶುದ್ಧ ಗಣಿತ), ಉಳಿದೆರಡು ಆಯ್ಕೆಯವು. ನನ್ನವು ಮೆಕ್ಯಾನಿಕ್ಸ್ ಮತ್ತು ಡಿಸಿಷನ್ (ಅಲ್ಗಾರಿದಮ್‌ಗಳ ಗಣಿತ).

ಲೆಕ್ಕ ಬಿಡಿಸುವುದು ಬೇರೆ, ಅಂಕ ಬರುವಂತೆ ಬರೆಯುವುದು ಬೇರೆ. ನನ್ನ ಸಮಯವೆಲ್ಲ ಹೋಗಿದ್ದು ಎರಡನೆಯದಕ್ಕೆ. ಇಂಡಕ್ಷನ್ ತೆಗೆದುಕೊಳ್ಳಿ, ಅಂದರೆ ಒಂದು ಸೂತ್ರ ಎಲ್ಲ ಧನ ಪೂರ್ಣಾಂಕಗಳಿಗೂ ಸರಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಸಾಧಿಸುವ ವಿಧಾನ. ಎನ್ = 1ಕ್ಕೆ ಸರಿ ಎಂದು ತೋರಿಸಿ, ಕೆ ಗೆ ಸರಿ ಎಂದುಕೊಂಡು, ಕೆ + 1ಕ್ಕೆ ತಂದುಬಿಟ್ಟರೆ ಮುಗಿಯಿತು ಅನಿಸುತ್ತದೆ, ಅಲ್ವಾ? ಮುಗಿಯಲ್ಲ. "1ಕ್ಕೆ ಸರಿ, ಕೆ ಗೆ ಸರಿಯಾದರೆ ಕೆ + 1ಕ್ಕೂ ಸರಿ, ಆದ್ದರಿಂದ ಎಲ್ಲ ಧನ ಪೂರ್ಣಾಂಕಗಳಿಗೂ ಸರಿ" ಎಂದು ಪೂರ್ತಿ ವಾಕ್ಯ ಬರೆಯಬೇಕು. ಕೊನೆಯ ಅಂಕ ಇರುವುದೇ ಅದಕ್ಕೆ. ಡಿಸಿಷನ್‌ನಲ್ಲಿ ಅತಿ ಹತ್ತಿರದ ದಾರಿ ಹುಡುಕುವ ಡೈಕ್‌ಸ್ಟ್ರಾ ಅಲ್ಗಾರಿದಮ್ ಕೂಡ ಹೀಗೇ: ದಾರಿ ಸರಿಯಾಗಿ ಕಂಡುಹಿಡಿದರೂ ಪ್ರತಿ ಬಿಂದುವಿನ ಪಕ್ಕದ ಪೆಟ್ಟಿಗೆಯಲ್ಲಿ ಬರೆಯುವ ದೂರದ ಸಂಖ್ಯೆಗಳು ಕ್ರಮವಾಗಿ ಇರದಿದ್ದರೆ ಅಂಕ ಹೋಗುತ್ತದೆ.

ನಮ್ಮ ಕ್ಯಾಸಿಯೋ ಕ್ಲಾಸ್‌ವಿಜ್ ಕ್ಯಾಲ್ಕುಲೇಟರ್ ಮ್ಯಾಟ್ರಿಕ್ಸ್‌ನ ಇನ್ವರ್ಸ್ ಕೂಡ ಕೊಡುತ್ತದೆ. ಆದರೆ ಕೆಲವು ಪ್ರಶ್ನೆಗಳ ಮೇಲೆ, ಬರೀ ಕ್ಯಾಲ್ಕುಲೇಟರ್ ನಂಬಿದ ಉತ್ತರ ಒಪ್ಪುವುದಿಲ್ಲ ಎಂದು ಅಚ್ಚು ಹಾಕಿರುತ್ತಾರೆ. ನಾನು ಕೈಯಲ್ಲಿ ಮಾಡಿ, ಕ್ಯಾಲ್ಕುಲೇಟರ್‌ನಲ್ಲಿ ತಾಳೆ ನೋಡುತ್ತಿದ್ದೆ.

ನನಗೆ ತುಂಬ ಇಷ್ಟವಾಗಿದ್ದು ಕಾಂಪ್ಲೆಕ್ಸ್ ನಂಬರ್. ಐ ಅಂದರೆ −1ರ ವರ್ಗಮೂಲ. (ಕಾಸ್ + ಐ ಸೈನ್) ಇದರ ಘನ ಮಾಡಿದರೆ ಕೋನ ಮೂರು ಪಟ್ಟಾಗುತ್ತದೆ. ಆ ಘನವನ್ನು ಬಿಡಿಸಿ, ಐ ಇಲ್ಲದ ಭಾಗ ಮಾತ್ರ ಎತ್ತಿಕೊಳ್ಳಿ. ಸೈನ್ ವರ್ಗದ ಜಾಗದಲ್ಲಿ 1 − ಕಾಸ್ ವರ್ಗ ಹಾಕಿ. ಮೂರು ಪಟ್ಟು ಕೋನದ ಕಾಸ್‌ಗೆ 4 ಕಾಸ್ ಘನ − 3 ಕಾಸ್ ಎಂಬ ಸೂತ್ರ ತಾನಾಗೇ ಬೀಳುತ್ತದೆ. ಬಾಯಿಪಾಠವೇ ಬೇಡ. ಇಂಥದ್ದರಲ್ಲಿ ಖುಷಿ ಸಿಗದವರು ಸುಮ್ನೆ ಯೂನಿವರ್ಸಿಟಿ ಫಾರಂ ಚೆನ್ನಾಗಿ ಕಾಣಲಿ ಅಂತ ಫರ್ದರ್ ತೆಗೆದುಕೊಳ್ಳಬಾರದು, ಅದು ನನ್ನ ಅಭಿಪ್ರಾಯ.

ಅಭ್ಯಾಸಕ್ಕೆ ಹಳೇ ಪೇಪರ್ ಬೇಕೇಬೇಕು. ಈಗಿನ ಸಿಲಬಸ್ ಶುರುವಾಗಿದ್ದು 2017ರಲ್ಲಿ, ಎರಡು ವರ್ಷದ ಕೋರ್ಸಿನ ಮೊದಲ ಪರೀಕ್ಷೆ 2019ರಲ್ಲಿ. ಹಾಗಾಗಿ ಪೇಪರ್ ಬೇಗ ಖಾಲಿಯಾಗುತ್ತವೆ. ಅದಕ್ಕೂ ಹಿಂದಿನ ಸಿಲಬಸ್‌ನ ಎಫ್‌ಪಿ2, ಎಫ್‌ಪಿ3 (ಫರ್ದರ್ ಪ್ಯೂರ್) ಪೇಪರ್‌ಗಳಲ್ಲಿ ಪೋಲಾರ್ ಕೋಆರ್ಡಿನೇಟ್ಸ್, ಹೈಪರ್‌ಬೋಲಿಕ್ ಫಂಕ್ಷನ್ ಪ್ರಶ್ನೆಗಳು ಬೇಕಾದಷ್ಟಿವೆ. ಈಗಿನ ಸಿಲಬಸ್‌ನಲ್ಲಿ ಇಲ್ಲದ್ದನ್ನು ಪೆನ್ಸಿಲ್‌ನಲ್ಲಿ ಹೊಡೆದು ಹಾಕಿ, ಉಳಿದದ್ದನ್ನು ಮಾಡಿ.