ಗುಜರಿ ಬೋರ್ಡಿನ ಬಯಾಸನ್ನು ಎಮುಲೇಟರಿಗೆ ತರೋದು ಹೇಗೆ

ಬಂದರು ಕಡೆ ಗುಜರಿಯಲ್ಲಿ 486 ಪ್ರೊಸೆಸರಿನ ಹಳೇ ಕಂಪ್ಯೂಟರ್ ಮದರ್‌ಬೋರ್ಡ್ ಸಿಕ್ರೆ ಸೀದಾ ಕರೆಂಟ್ ಕೊಡ್ಬೇಡಿ ಮಾರಾಯ್ರೆ, ಮೊದ್ಲು ಆ ನೀಲಿ ಬ್ಯಾಟರಿ ನೋಡಿ, ಸೋರಿ ತಾಮ್ರದ ಗೆರೆ ತಿಂದಿರ್ತದೆ, ಕುಡ್ಲದ ಮಳೆಗಾಲದ ತೇವ ಬೇರೆ. ಅದನ್ನು ಕಿತ್ತು ವಿನೆಗರಲ್ಲಿ ಒರೆಸಿ.

ಮತ್ತೆ ಬಯಾಸ್ ಚಿಪ್ಪು, ಅಂದ್ರೆ ಕಂಪ್ಯೂಟರ್ ಆನ್ ಆಗುವಾಗ ಮೊದ್ಲು ಓಡೋ ಪ್ರೋಗ್ರಾಮ್ ಇರೋ ಚಿಪ್ಪು, ಮೆಲ್ಲ ಎಬ್ಬಿಸಿ. ಸ್ಟಿಕ್ಕರ್ ಕೀಳ್ಲಿಕ್ಕಿಲ್ಲ, ಅಡಿಯಲ್ಲಿ ಗಾಜಿನ ಕಿಟಕಿ ಉಂಟು, ಬಿಸಿಲು ಬಿದ್ದು ಬಿದ್ದು ಡೇಟಾ ಅಳಿಸಿ ಹೋಗ್ತದೆ. ಪ್ರೋಗ್ರಾಮರ್ ಅನ್ನೋ ಚಿಪ್ ಓದೋ ಯಂತ್ರದಲ್ಲಿ ಎರಡು ಸಲ ಓದಿ, ಎರಡೂ ಫೈಲ್ ಒಂದೇ ಇರ್ಬೇಕು, ಚಿಪ್ಪಿನ ಮಾಡೆಲ್ 27ಸಿ512 ಆದ್ರೆ ಸರಿಯಾಗಿ 65,536 ಬೈಟ್. ಪ್ರೊಸೆಸರ್ ಶುರು ಮಾಡೋದೇ ಕೊನೆಯ 16 ಬೈಟಿಂದ, ಅಲ್ಲಿ ಸಾಮಾನ್ಯವಾಗಿ ಹೆಕ್ಸಲ್ಲಿ ಇಎ ಅಂತ ಜಂಪ್, ಅಂದ್ರೆ ಬೇರೆ ಕಡೆಗೆ ಹಾರೋ ಆಜ್ಞೆ ಇರ್ತದೆ, ಕಾಣದಿದ್ರೆ ಓದಿದ ಫೈಲ್ (ಡಂಪ್) ಮೇಲೇ ಡೌಟು.

86ಬಾಕ್ಸ್ ಅಂದ್ರೆ ಹಳೇ ಪಿಸಿಯನ್ನು ಸಾಫ್ಟ್‌ವೇರಲ್ಲೇ ನಡೆಸೋ ಎಮುಲೇಟರ್, ಅದರ ಸೋರ್ಸ್ ಕೋಡಲ್ಲಿ ಅದೇ ಚಿಪ್‌ಸೆಟ್ (ಬೋರ್ಡಿನ ಮುಖ್ಯ ಚಿಪ್ಪುಗಳು) ಇರೋ ಮೆಷೀನ್ ಹುಡ್ಕಿ ಕಾಪಿ ಮಾಡಿ, ಹೆಸ್ರು, ಬಯಾಸ್ ಫೈಲ್ ಪಾತ್ ಬದಲಿಸಿ ಬಿಲ್ಡ್ ಹೊಡೀರಿ. ಸ್ಕ್ರೀನ್ ಕಪ್ಪಾ? ಹೆದರ್ಬೇಡಿ, ಬಯಾಸ್ ಹಂತ ಹಂತವಾಗಿ ಹೆಕ್ಸ್ 80 ಪೋರ್ಟಿಗೆ ಕಳಿಸೋ ಕೋಡ್ ಲಾಗ್ ಮಾಡಿ, ಕೊನೆಯ ಕೋಡಲ್ಲೇ ಸುಳಿವು ಉಂಟು. ನಂಗೆ ಎರಡು ರಾತ್ರಿ ಹೋದದ್ದು ಕೀಬೋರ್ಡ್ ಕಂಟ್ರೋಲರಿಂದ, ಬಯಾಸ್ ಹೆಕ್ಸ್ ಎಎ ಅಂತ ಸ್ವಪರೀಕ್ಷೆಯ ಆಜ್ಞೆ ಕಳಿಸಿದ್ರೆ ಅದು 55 ಅಂತ ಉತ್ತರ ಕೊಡ್ಬೇಕಿತ್ತು, ನನ್ನ ಕೋಡ್ ಸುಮ್ನೆ ಕೂತಿತ್ತು.