ಬಾಡಿಗೆ ಮನೆ ನೋಡಲು ಆಟಿಯೇ ಒಳ್ಳೆಯದು

ಮಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವ ಹೆಚ್ಚಿನವರು ಹೊರಡುವುದು ಏಪ್ರಿಲ್, ಮೇ ತಿಂಗಳಲ್ಲಿ. ಶಾಲೆ ಶುರುವಾಗುವ ಮೊದಲು ಶಿಫ್ಟ್ ಆಗಬೇಕು ಅಲ್ವಾ? ಆ ಬಿಸಿಲಲ್ಲಿ ಯಾವ ಮನೆ ನೋಡಿದರೂ ಚೆಂದವೇ. ಹೊಸ ಪೇಂಟ್, ಒಣ ಗೋಡೆ, ಕಿಟಕಿಯಿಂದ ಗಾಳಿ. ಖುಷಿಯಲ್ಲಿ ಅಡ್ವಾನ್ಸ್ ಕೊಟ್ಟು ಬರುತ್ತಾರೆ. ಜೂನ್ ಮುಗಿಯುವಷ್ಟರಲ್ಲಿ ಕಪಾಟಿನೊಳಗಿನ ರೇಷ್ಮೆ ಸೀರೆಗೆ ಬೂಸ್ಟು ಹಿಡಿದಿರುತ್ತದೆ.

ನಾನೂ ಹಾಗೆ ಬಿದ್ದವಳೇ. ಆಮೇಲೆ ತಂಗಿ ಬಿದ್ದಳು, ತಂಗಿಯ ಮೈದುನ ಬಿದ್ದ, ಆಫೀಸಿನ ಇಬ್ಬರು ಹುಡುಗಿಯರು ಬಿದ್ದರು. ಇನ್ನು ಸುಮ್ನೆ ಇರುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ. ಮನೆ ನೋಡಬೇಕಾದದ್ದು ಬೇಸಿಗೆಯಲ್ಲಲ್ಲ, ಆಟಿಯಲ್ಲಿ, ಅಂದರೆ ತುಳುವರ ಮಳೆಯ ತಿಂಗಳಲ್ಲಿ.

ಹೆಜ್ಜೆ 1: ಲೆಕ್ಕ

ಬ್ರೋಕರ್ ಹೇಳುವುದು ಬಾಡಿಗೆ ಮಾತ್ರ. ಅದಕ್ಕೆ ಮೈಂಟೆನೆನ್ಸ್ ಸೇರಿಸಿ. ಬಸ್ಸಿನ ಅಥವಾ ಪೆಟ್ರೋಲಿನ ಖರ್ಚು ಸೇರಿಸಿ. ಬ್ರೋಕರ್‌ಗೆ ಕೊಡುವ ದುಡ್ಡನ್ನು ಕರಾರಿನ 11 ತಿಂಗಳಿಗೆ ಹಂಚಿ ಅದನ್ನೂ ಸೇರಿಸಿ. ಅಡ್ವಾನ್ಸ್ ವಾಪಸ್ ಬರುವ ದುಡ್ಡೇ ಆದರೂ ಪುಕ್ಕಟೆ ಅಲ್ಲ. 1 ಲಕ್ಷ ರೂಪಾಯಿ 6% ಬಡ್ಡಿಗೆ ಬ್ಯಾಂಕಿನಲ್ಲಿದ್ದರೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. ಎಲ್ಲ ಸೇರಿ ಕೈಗೆ ಬರುವ ಸಂಬಳದ ಮೂರನೇ ಒಂದು ಭಾಗ ದಾಟಿತೋ, ಆ ಮನೆಯನ್ನು ನೋಡಲಿಕ್ಕೇ ಹೋಗಬೇಡಿ. ನೋಡಿದರೆ ಆಸೆಯಾಗುತ್ತದೆ.

ದೂರ ಹೋದರೆ ಕಡಿಮೆ ಅನ್ನುವುದು ಅರ್ಧ ಸತ್ಯ. ಕಂಕನಾಡಿಯ ಮನೆ 13,000, ವಾಮಂಜೂರಿನದ್ದು 10,000 ಅಂತಿಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಹಂಪನಕಟ್ಟೆಗೆ ಕೆಲಸಕ್ಕೆ ಬರುವವರು. ಓಡಾಟಕ್ಕೆ ಒಬ್ಬರಿಗೆ ದಿನಕ್ಕೆ 50 ರೂಪಾಯಿ ಹೆಚ್ಚು ಅಂದರೂ ಇಬ್ಬರದ್ದೂ ಸೇರಿ 25 ದಿನಕ್ಕೆ 2,500 ಹೋಯಿತು. ಉಳಿದದ್ದು 500. ದೇರಳಕಟ್ಟೆ, ಸುರತ್ಕಲ್ ಕಡೆಯ ಕಥೆಯೇ ಬೇರೆ. ದೇರಳಕಟ್ಟೆಯಲ್ಲಿ ಮೆಡಿಕಲ್ ಕಾಲೇಜುಗಳು, ಸುರತ್ಕಲ್ಲಿನಲ್ಲಿ ಎನ್‌ಐಟಿಕೆ ಇಂಜಿನಿಯರಿಂಗ್ ಕಾಲೇಜು. ನಾಲ್ಕು ಹುಡುಗರು ಸೇರಿ ಒಂದು ಮನೆ ಹಿಡಿದು ತಲಾ 4,000 ಹಾಕಿದರೆ 16,000 ಆಯಿತು. ಒಂದೇ ಸಂಬಳದ ಸಂಸಾರ ಅವರ ಜೊತೆ ಹೇಗೆ ಪೈಪೋಟಿ ಮಾಡುತ್ತದೆ?

ಹೆಜ್ಜೆ 2: ಜಾಗ

ಊರಿನ ಹೆಸರು ಕೇಳಿ. ಬೈಲು ಅಂತ ಇದ್ದರೆ ಒಂದು ಕಾಲದಲ್ಲಿ ಅದು ತಗ್ಗಿನ ಗದ್ದೆ. ಪದವು, ಗುಡ್ಡೆ ಅಂತ ಇದ್ದರೆ ಎತ್ತರದ ಜಾಗ. ಗದ್ದೆ ಹೋಗಿ ಕಾಂಕ್ರೀಟ್ ಬಂದರೂ ನೀರಿಗೆ ಹಳೆಯ ದಾರಿ ಗೊತ್ತಿರುತ್ತದೆ. ಕೊಟ್ಟಾರ ಚೌಕಿ, ಪಂಪ್‌ವೆಲ್ ಸುತ್ತಮುತ್ತ ಜೋರು ಮಳೆಗೆ ರಸ್ತೆಯೇ ತೋಡಾಗುವುದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ಮನೆ ಸಿಕ್ಕಿದರೆ ಒಂದನೇ ಮಹಡಿಯಿಂದ ಮೇಲೆ ಮಾತ್ರ ನೋಡಿ. ಬೈಕ್ ಎಲ್ಲಿ ನಿಲ್ಲುತ್ತದೆ ಅಂತಲೂ ಕೇಳಿ.

ಹೆಜ್ಜೆ 3: ಮನೆ ನೋಡುವುದು

ಜನ ಎಡವುವುದು ಇಲ್ಲೇ. ಹಾಲ್ ನೋಡುತ್ತಾರೆ, ಅಡುಗೆಮನೆಯ ಟೈಲ್ಸ್ ನೋಡುತ್ತಾರೆ, ಹತ್ತು ನಿಮಿಷದಲ್ಲಿ ಹೊರಗೆ ಬರುತ್ತಾರೆ. ಒಂದು ಗಂಟೆ ಬೇಕು. ಆದಷ್ಟು ಮಳೆ ಬರುತ್ತಿರುವಾಗಲೇ ಹೋಗಿ.

ಮೊದಲು ಪಡುವಣ ಗೋಡೆಗೆ ಹೋಗಿ. ನಮ್ಮಲ್ಲಿ ಮಳೆ ಮೇಲಿನಿಂದ ಬೀಳುವುದಷ್ಟೇ ಅಲ್ಲ, ಕಡಲ ಕಡೆಯಿಂದ ಬೀಸಿ ಹೊಡೆಯುತ್ತದೆ. ಪೆಟ್ಟು ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ. ನೆಲದಿಂದ ಒಂದು ಅಡಿ ಮೇಲೆ ಅಂಗೈ ಊರಿ ಅರ್ಧ ನಿಮಿಷ ಹಿಡಿಯಿರಿ. ತಣ್ಣಗೆ ಅಂಟಿದ ಹಾಗಾದರೆ ಅಲ್ಲಿ ನೀರು ಒಸರುತ್ತಿದೆ. ಪೇಂಟ್ ಉಬ್ಬಿದ ಕಡೆ ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿ. ಕಿಟಕಿಯ ಕೆಳಗಿನ ಮೂಲೆಗಳನ್ನು, ಸ್ವಿಚ್ ಬೋರ್ಡಿನ ಸುತ್ತ ಕಂದು ಕಲೆ ಇದೆಯೋ ಅಂತ ನೋಡಿ. ವಯರಿನ ಪೈಪಿನೊಳಗಿಂದ ನೀರು ಇಳಿದು ಸ್ವಿಚ್ ಮುಟ್ಟಿದರೆ ಜುಂ ಅನ್ನುವ ಮನೆಗಳೂ ಉಂಟು.

ಆಮೇಲೆ ಕಪಾಟುಗಳನ್ನು ತೆರೆದು ಮೂಗು ಒಳಗೆ ಹಾಕಿ. ನಾಚಿಕೆ ಬೇಡ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದರೆ ಯಾಕೆ ಅಷ್ಟು ಹಾಕಿದ್ದಾರೆ ಅಂತ ಯೋಚಿಸಿ.

ಗೋಡೆಗೆ ಇಟ್ಟಿಗೆ ಡಿಸೈನಿನ ಫೋಮ್ ಸ್ಟಿಕ್ಕರ್ ಅಂಟಿಸಿದ್ದರೆ ಅದು ಅಲಂಕಾರ ಅಂತ ನಂಬಬೇಡಿ. ನನ್ನ ಮೊದಲ ಮನೆಯಲ್ಲಿ ಬೆಡ್‌ರೂಮಿನ ಒಂದೇ ಗೋಡೆಗೆ ಬಿಳಿ ಸ್ಟಿಕ್ಕರ್ ಇತ್ತು. ಮಗುವಿನ ಕೋಣೆ ಮೇಡಂ, ಅದಕ್ಕೆ ಅಂತ ಬ್ರೋಕರ್ ಅಂದ. ಜುಲೈಯಲ್ಲಿ ಅದು ತಾನಾಗಿಯೇ ಕಳಚಿ ಬಿತ್ತು. ಹಿಂದೆ ಗೋಡೆಯಿಡೀ ಕಪ್ಪು. ತೇವ ಹೀರುವ ಪ್ಲಾಸ್ಟಿಕ್ ಡಬ್ಬಿಗಳನ್ನೂ ತಂದಿಟ್ಟೆ. ಮುಚ್ಚಿದ ಸಣ್ಣ ಕಪಾಟಿಗೆ ಅವು ಸಾಕು, ಕೋಣೆಗೆ ಸುಮ್ನೆ ದಂಡ. ಒಳಗಿನಿಂದ ಬಳಿಯುವ ವಾಟರ್‌ಪ್ರೂಫ್ ಪೇಂಟ್ ಕೂಡ ಅಷ್ಟೇ. ನೀರು ಬರುವುದು ಹೊರಗಿನಿಂದ, ತಡೆಯಬೇಕಾದದ್ದೂ ಹೊರಗೇ.

ಮೇಲಿನ ಮಹಡಿಯಾದರೆ ಟೆರೇಸ್ ಹತ್ತಲೇಬೇಕು. ಶೀಟಿನ ಮಾಡು ಹಾಕಿದ್ದರೆ ಸ್ಲ್ಯಾಬ್ ಒಣಗಿರುತ್ತದೆ, ಬಟ್ಟೆ ಒಣಗಿಸಲೂ ಜಾಗವಾಯಿತು. ಶೀಟ್ ಇಲ್ಲದ ಟೆರೇಸಿನ ಕೆಳಗೆ ನಾನಂತೂ ಇರುವುದಿಲ್ಲ. ಹೊಸ ಫ್ಲ್ಯಾಟಿಗಿಂತ ಹಳೆಯ ಹಂಚಿನ ಮನೆಯೇ ವಾಸಿ ಅನ್ನುವವಳು ನಾನು. ಹಂಚು ಒಡೆದರೆ ಒಂದು ಹಂಚು ಬದಲಾಯಿಸಿದರೆ ಮುಗಿಯಿತು. ಸ್ಲ್ಯಾಬ್ ಸೋರಿದರೆ ಅಸೋಸಿಯೇಷನ್ ಮೀಟಿಂಗ್ ಆಗಬೇಕು.

ಮಳೆಗಾಲದಲ್ಲಿ ಗೊತ್ತಾಗದ ಒಂದು ವಿಷಯ ಉಂಟು, ಮೇ ತಿಂಗಳ ನೀರು. ನಗರಕ್ಕೆ ನೀರು ಬರುವುದು ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನಿಂದ. 2019ರಲ್ಲಿ, 2023ರಲ್ಲಿ ಬೇಸಿಗೆಗೆ ನದಿ ಸೊರಗಿದಾಗ ದಿನ ಲೆಕ್ಕ ಹಾಕಿ ನೀರು ಬಿಟ್ಟದ್ದು ನೆನಪಿರಬಹುದು. ಬಾವಿ ಇದೆಯಾ, ಮೇಯಲ್ಲೂ ನೀರಿರುತ್ತದಾ, ಟ್ಯಾಂಕರ್ ತರಿಸಿದರೆ ದುಡ್ಡು ಯಾರದ್ದು? ಇದನ್ನು ಮಾಲೀಕರ ಹತ್ತಿರ ಕೇಳಬೇಡಿ. ವಾಚ್‌ಮ್ಯಾನ್ ಹತ್ತಿರ ಕೇಳಿ, ಕೆಳಗಿನ ಮನೆಯವರ ಹತ್ತಿರ ಕೇಳಿ.

ಮಾಲೀಕರೂ ನಿಮ್ಮನ್ನು ಕೇಳುತ್ತಾರೆ. ಮೀನು ಮಾಡ್ತೀರಾ, ಯಾವ ಜನ, ಮದುವೆ ಆಗಿದೆಯಾ? ಮೀನಿನ ವಿಷಯ ಮೊದಲೇ ಹೇಳಿಬಿಡಿ. ಅಡಗಿಸಿ ಬಂಗುಡೆ ಹುರಿಯಲು ಆಗುತ್ತದಾ?

ಹೆಜ್ಜೆ 4: ಕರೆಂಟ್

ಬೇರೆ ಮೀಟರ್ ಇದೆಯೋ ನೋಡಿ. ಸರಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಹಿಂದೆ ಇದ್ದವರ ಆಧಾರ್ ಆ ಮೀಟರಿನ ಆರ್‌ಆರ್ ನಂಬರಿಗೆ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ) ಲಿಂಕ್ ಆಗಿದ್ದರೆ ಮೊದಲು ಅದನ್ನು ತೆಗೆಸಬೇಕು. ಬೀಗದ ಕೈ ತೆಗೆದುಕೊಳ್ಳುವ ಮೊದಲೇ ಇದನ್ನು ಮಾಡಿಸಿ.

ಹೆಜ್ಜೆ 5: ಕರಾರು

ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. ಅದನ್ನು ತಪ್ಪಿಸಲು ಎಲ್ಲರೂ 11 ತಿಂಗಳು ಅಂತ ಬರೆಸುತ್ತಾರೆ. ಅದು ಸರಿ. ನೋಡಬೇಕಾದದ್ದು ಏರಿಕೆಯ ಸಾಲು. ‘ಪ್ರತಿ 11 ತಿಂಗಳಿಗೆ 10%’ ಅಂತ ಇದ್ದರೆ 12,000ದ ಮನೆ ಮೂರು ಏರಿಕೆಯಲ್ಲಿ 15,972 ಆಗುತ್ತದೆ. 5% ಆದರೆ 13,900ರ ಒಳಗೆ ನಿಲ್ಲುತ್ತದೆ. ಬಾಡಿಗೆಯಲ್ಲಿ 500 ಇಳಿಸಲು ಅರ್ಧ ಗಂಟೆ ಚೌಕಾಸಿ ಮಾಡುವವರು ಈ ಸಾಲನ್ನು ಓದದೆ ಸಹಿ ಹಾಕುತ್ತಾರೆ.

ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತ 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನು ಮಾಡದೆ ಅದನ್ನು ತೋರಿಸಿ ಜಗಳ ಮಾಡಲು ಆಗುವುದಿಲ್ಲ. ಚೌಕಾಸಿಗೆ ಸಾಕು. ಬಿಡುವಾಗ ಪೇಂಟಿಂಗಿಗೆ ಎಷ್ಟು ಮುರಿದುಕೊಳ್ಳುತ್ತಾರೆ ಅನ್ನುವುದನ್ನು ಈಗಲೇ ಬರೆಸಿ. ಗೋಡೆಯ ತೇವ ನಿಮ್ಮ ತಪ್ಪಲ್ಲ ಅನ್ನುವುದನ್ನೂ ಬರೆಸಿ.

ಲಕ್ಷಗಟ್ಟಲೆ ಕೊಟ್ಟು ಬಾಡಿಗೆ ಇಲ್ಲದೆ ಲೀಸಿಗೆ ಕೂರುವುದಾದರೆ, ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯಾ ಅಂತ ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿ ನೋಡಿ. ನನ್ನ ಕೇಳಿದರೆ ಲೀಸ್ ಬೇಡವೇ ಬೇಡ.

ಹೆಜ್ಜೆ 6: ಶಿಫ್ಟಿಂಗ್

ಟೆಂಪೋಗೆ ಟರ್ಪಾಲು ಇದೆಯಾ ಕೇಳಿ.

ಇನ್ನು ಆಟಿಯ ಮಾತು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಯಾರೂ ಮನೆ ಬದಲಾಯಿಸುವುದಿಲ್ಲ. ಜೂನಿನಲ್ಲಿ ಹೋಗದೆ ಉಳಿದ ಮನೆ ಹಾಗೇ ಖಾಲಿ ಬಿದ್ದಿರುತ್ತದೆ. ಮಾಲೀಕರೂ ಸ್ವಲ್ಪ ಮೆತ್ತಗಾಗಿರುತ್ತಾರೆ. ಗೋಡೆ ತನ್ನ ಬಣ್ಣ ತೋರಿಸಿಯಾಗಿರುತ್ತದೆ. ಆಟಿಯಲ್ಲಿ ಮನೆ ಹೊಕ್ಕರೆ ಆಗುವುದಿಲ್ಲ ಅಂತ ಅತ್ತೆ ಹೇಳುತ್ತಾರಾ? ಹೊಗಬೇಡಿ. ನೋಡಿ, ಮಾತಾಡಿ, ಟೋಕನ್ ಕೊಟ್ಟು ಬನ್ನಿ. ಮುಂದಿನ ತಿಂಗಳು ಸೋಣ ಬಂದ ಮೇಲೆ ಹಾಲು ಉಕ್ಕಿಸಿ. ನಡುವಿನ ಆ ವಾರಗಳಿಗೂ ಬಾಡಿಗೆ ಕೇಳಿದರೆ ಅರ್ಧಕ್ಕೆ ಒಪ್ಪಿಸಿ.