ಬಾತುಮರಿ ಚಿಪ್ಪಿನಲ್ಲೇ ಸಿಕ್ಕಿಕೊಂಡರೆ: ಯಾವಾಗ ಕೈ ಹಾಕಬೇಕು, ಹೇಗೆ?

ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಬಾತುಕೋಳಿ ತತ್ತಿಗೆ ಕಾವು ಕೊಡಲು ಹೊರಟವರಿಗೆ ಶಾಖಕ್ಕಿಂತ ಹೆಚ್ಚಿನ ಚಿಂತೆ ತೇವದ್ದು. ಖಾಕಿ ಕ್ಯಾಂಪ್‌ಬೆಲ್ ಬಾತುಗಳು ತತ್ತಿ ಇಡುವುದರಲ್ಲಿ ಮುಂದು, ಕಾವಿಗೆ ಕೂರುವುದರಲ್ಲಿ ಹಿಂದು. ಹಾಗಾಗಿ ಜವಾರಿ ಕೋಳಿಯನ್ನು ಕೂರಿಸಬೇಕು, ಇಲ್ಲವೇ ಇನ್‌ಕ್ಯುಬೇಟರ್ ನಂಬಬೇಕು. ಯಂತ್ರದ ಮುಚ್ಚಳವನ್ನು ಒಂದು ಸಲ ತೆರೆದರೂ ಸಾಕು, ಹೊರಗಿನ ಒಣಗಾಳಿ ಒಳಗಿನ ತೇವವನ್ನು ಹೀರಿಬಿಡುತ್ತದೆ.

ಬಾತು ತತ್ತಿ ಒಡೆಯಲು ಸಾಮಾನ್ಯವಾಗಿ 28 ದಿನ ಬೇಕು. ಮಸ್ಕೋವಿ ಎಂಬ ಜಾತಿಯ ಬಾತಿಗೆ ಮಾತ್ರ ಸುಮಾರು 35. 28 ದಿನದ ತತ್ತಿಗಳಾದರೆ 25ನೇ ದಿನದಿಂದ ಹೊರಳಿಸುವುದನ್ನು ನಿಲ್ಲಿಸಿ, ತೇವಾಂಶವನ್ನು ಶೇ 70ರ ಆಸುಪಾಸಿಗೆ ಏರಿಸಿ. ಫ್ಯಾನ್ ಇರುವ ಯಂತ್ರದಲ್ಲಿ ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್ ಇರಲಿ.

ಮರಿ ಮೊದಲು ತತ್ತಿಯ ಅಗಲ ತುದಿಯಲ್ಲಿ ಗಾಳಿ ತುಂಬಿರುವ ಜಾಗಕ್ಕೆ, ಅಂದರೆ ಗಾಳಿಗೂಡಿಗೆ, ಕೊಕ್ಕು ತೂರಿಸುತ್ತದೆ. ಆಮೇಲೆ ಚಿಪ್ಪಿನಲ್ಲಿ ಬಿರುಕು ಕಾಣುತ್ತದೆ. ಬಿರುಕು ಬಿಟ್ಟ ಮೇಲೆ ಹೊರಬರಲು 24ರಿಂದ 48 ಗಂಟೆ ಹಿಡಿಯಬಹುದು. ನೋಡುವವರಿಗೆ ಮರಿ ಸುಮ್ಮನೆ ಮಲಗಿದಂತೆ ಕಾಣುತ್ತದೆ. ಆದರೆ ಅಷ್ಟು ಹೊತ್ತಿನಲ್ಲಿ ಅದು ಚಿಪ್ಪಿನೊಳಗಿನ ಪೊರೆಯ ನರಗಳಲ್ಲಿರುವ ರಕ್ತವನ್ನು ಮೈಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ಉಳಿದ ಹಳದಿಯನ್ನು ಹೊಟ್ಟೆಗೆ ಸೇರಿಸಿಕೊಳ್ಳುತ್ತಿರುತ್ತದೆ. ಈ ಹೊತ್ತಿನಲ್ಲಿ ಚಿಪ್ಪು ಸುಲಿದರೆ ರಕ್ತಸ್ರಾವವಾಗಿ ಮರಿ ಸಾಯುತ್ತದೆ. ತಡವಾಗಿ ಸತ್ತ ಮರಿಗಳಿಗಿಂತ ಅವಸರದ ಕೈಗೆ ಸಿಕ್ಕಿ ಸತ್ತವೇ ಹೆಚ್ಚು ಎಂಬುದು ನನ್ನ ಅನುಮಾನ.

ಹಾಗಾದರೆ ಕೈ ಹಾಕುವುದು ಯಾವಾಗ? ಕೊಕ್ಕು ಗಾಳಿಗೂಡಿಗೆ ಬಂದು ಒಂದೂವರೆ ದಿನ ಕಳೆದರೂ ಚಿಪ್ಪಿನಲ್ಲಿ ಬಿರುಕಿಲ್ಲದಿದ್ದರೆ. ಬಿರುಕು ಬಿಟ್ಟು ದಿನ ಕಳೆದ ಮೇಲೆ ಪೊರೆ ಕಂದುಬಣ್ಣಕ್ಕೆ ತಿರುಗಿ ಒಣತೊಗಲಿನಂತೆ ಬಿಗಿದಿದ್ದರೆ. ಅಥವಾ ಮರಿ ತಿರುಗುಮುರುಗಾಗಿ ಚೂಪು ತುದಿಯಲ್ಲಿ ಒಡೆದಿದ್ದರೆ.

ಮೊದಲನೆಯದು ಸುಲಭ. ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ಗಾಳಿಗೂಡಿನ ಅಂಚನ್ನು ಪೆನ್ಸಿಲಿನಿಂದ ಗುರುತಿಸಿ. ಕುದಿಸಿ ಆರಿಸಿದ ಸೂಜಿಯಿಂದ ಅಗಲ ತುದಿಯ ನೆತ್ತಿಯಲ್ಲಿ ಸಣ್ಣ ತೂತು ಕೊರೆಯಿರಿ. ಉಸಿರಿಗೆ ಅಷ್ಟು ಸಾಕು. ತತ್ತಿಯನ್ನು ಮತ್ತೆ ಒಳಗಿಡಿ.

ಪೊರೆ ಒಣಗಿದ್ದರೆ ಕೆಲಸ ಹೆಚ್ಚು. ಕೈ ತೊಳೆದು, ಕೋಣೆಯ ಫ್ಯಾನ್ ಮತ್ತು ಕೂಲರ್ ಬಂದ್ ಮಾಡಿ. ಗಾಳಿಗೂಡಿನ ಮೇಲಿನ ಚಿಪ್ಪನ್ನು ಮಾತ್ರ ಚೂರುಚೂರಾಗಿ ತೆಗೆಯಿರಿ, ಪೊರೆಯನ್ನು ಹರಿಯಬೇಡಿ. ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಪೊರೆಯನ್ನು ಒದ್ದೆ ಮಾಡಿ. ಮೂಗಿನ ಹೊಳ್ಳೆಗೆ ನೀರು ಇಳಿಯದಿರಲಿ. ಒದ್ದೆಯಾದ ಪೊರೆ ಪಾರದರ್ಶಕವಾಗುತ್ತದೆ, ನರಗಳು ಕಾಣುತ್ತವೆ. ಕೆಂಪು ಗೆರೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಪೊರೆಗೆ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ, ತತ್ತಿಯನ್ನು ಯಂತ್ರಕ್ಕೆ ಮರಳಿಸಿ. ನಾಲ್ಕಾರು ಗಂಟೆ ಬಿಟ್ಟು ಮತ್ತೆ ನೋಡಿ. ಮರಿ ಏನನ್ನೋ ಅಗಿಯುವಂತೆ ಬಾಯಾಡಿಸುತ್ತಿದ್ದರೆ ಹಳದಿ ಇನ್ನೂ ಒಳಹೋಗಿಲ್ಲ ಎಂದರ್ಥ. ಒಂದು ಹನಿ ರಕ್ತ ಬಂದರೂ ಸ್ವಚ್ಛ ಹತ್ತಿಯಿಂದ ಮೆಲ್ಲಗೆ ಒತ್ತಿ ಹಿಡಿದು ಅಂದಿನ ಕೆಲಸ ಮುಗಿಸಿ.

ನರಗಳು ಬತ್ತಿದ್ದರೆ ಕೊಕ್ಕಿನ ಸುತ್ತಲಿನ ಪೊರೆ ಸರಿಸಿ ತಲೆ ಬಿಡಿಸಿ. ಕೆಳಗಿನ ಅರ್ಧ ಚಿಪ್ಪನ್ನು ತೆಗೆಯಬೇಡಿ. ಅದನ್ನು ಮರಿಯೇ ಒದ್ದು ಬರಲಿ. ಹೊಕ್ಕುಳಲ್ಲಿ ಹಳದಿ ಜೋತಿದ್ದರೆ ಎಳೆಯಬೇಡಿ. ಚಿಪ್ಪಿನ ಸಮೇತ ಒದ್ದೆ ಬಟ್ಟೆಯ ಮೇಲೆ ಯಂತ್ರದಲ್ಲೇ ಇಡಿ. ಬಿಡುಗಡೆಯಾದ ಮೇಲೆ ಹೊಕ್ಕುಳಿಗೆ ನಂಜು ತಡೆಯುವ ಪೊವಿಡೋನ್ ಅಯೋಡಿನ್ ಹಚ್ಚಿ.

ಚೂಪು ತುದಿಯಲ್ಲಿ ಒಡೆದ ಮರಿಗೆ ಅಲ್ಲಿ ಗಾಳಿಗೂಡಿಲ್ಲ, ನರಗಳು ಮಾತ್ರ ದಟ್ಟ. ಉಸಿರಾಡುವಷ್ಟು ಬಿರುಕನ್ನು ಅಗಲ ಮಾಡಿ, ಕಾಯಿರಿ.

ಹೊರಬಂದ ಮರಿಗೆ ಮೊದಲ ದಿನ ಹೊಟ್ಟೆಯ ಹಳದಿಯೇ ಆಹಾರ. ಕೆಳಗೆ ನ್ಯೂಸ್‌ಪೇಪರ್ ಹಾಸಬೇಡಿ, ಕಾಲು ಜಾರಿ ಸೊಟ್ಟಗಾಗುತ್ತದೆ. ಒರಟು ಬಟ್ಟೆ ಹಾಸಿ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ, ಮರಿ ಮುಳುಗಬಾರದು. ಕೋಳಿಮರಿಗಿಂತ ಬಾತುಮರಿಗೆ ನಿಯಾಸಿನ್ (ಬಿ3 ಜೀವಸತ್ವ) ಹೆಚ್ಚು ಬೇಕು, ಕಡಿಮೆಯಾದರೆ ಕಾಲು ಬಲ ಕಳೆದುಕೊಳ್ಳುತ್ತದೆ.

ಒಂದೇ ಸಲ ಹಲವು ತತ್ತಿಗಳು ಹೀಗೆ ಸಿಕ್ಕಿಕೊಂಡರೆ ದೋಷ ಯಂತ್ರದಲ್ಲಿ ಹುಡುಕಿ. ಗಾಳಿಗೂಡು ಚಿಕ್ಕದಾಗಿ ಮರಿಗಳು ಊದಿಕೊಂಡಿದ್ದರೆ ಮೊದಲ 25 ದಿನ ತೇವ ಹೆಚ್ಚಾಗಿತ್ತು. ಎಲ್ಲವೂ ತಡವಾಗಿದ್ದರೆ ಶಾಖ ಕಡಿಮೆ ಬಿದ್ದಿತ್ತು, ಥರ್ಮಾಮೀಟರನ್ನು ಇನ್ನೊಂದರ ಜೊತೆ ಹೋಲಿಸಿ ನೋಡಿ. ಎಲ್ಲ ಸರಿಯಿದ್ದೂ ಮರಿಗಳು ಚಿಪ್ಪಿನಲ್ಲೇ ಸಾಯುತ್ತಿದ್ದರೆ ಒಡೆಯದ ಎರಡು ಮೂರು ತತ್ತಿಗಳನ್ನು ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ದು ತೋರಿಸಿ.